ಒಳಗಿಂದ ಬಂದು ಸೇರ್ಕೋತೀನಿ

“ನಾನು ಯಾವ ಊರಲ್ಲಿ ಇಳೀಬೇಕು ಅಂತಾನೇ ನಂಗೆ ಗೊತ್ತಿರ್ಲಿಲ್ಲ.”

ಭಾನುವಾರ ಮಲ್ಲೇಶ್ವರದ ಆ ಮನೆಯಲ್ಲಿ ಅವಳು ಇದನ್ನು ಹೇಳಿದ್ದು ಬಹಳ ಮೆಲ್ಲಗೆ, ಚಾಕೊಲೇಟಿನ ಬೆಳ್ಳಿಕಾಗದವನ್ನು ಉಗುರಿನಿಂದ ತೀಡುತ್ತ. ಅವನು ಆಗಷ್ಟೇ ಕಥೆ ಮುಗಿಸಿದ್ದ, ಎಲ್ಲರೂ ನಗುತ್ತಿದ್ದರು. 17 ದಿನ, ಆರು ಊರು, ಬೆನ್ನಿಗೆ ತಲಾ ಒಂದು 40 ಲೀಟರಿನ ಚೀಲ. ಗಂಡ ಹೆಂಡತಿ ಇಬ್ಬರೇ ಯುರೋಪು ಸುತ್ತಿ ಬಂದವರ ಬಳಿ ಇಂಥದ್ದೊಂದು ಕಥೆ ಇರಲೇಬೇಕು. “ಹೆಂಡ್ತಿ ಕಳೆದುಹೋದ ಎಪಿಸೋಡು” ಎಂದು ಅವನೇ ಅದಕ್ಕೆ ಹೆಸರಿಟ್ಟಿದ್ದ. ಅವಳ ಮಾತು ಆ ನಗುವಿನಲ್ಲಿ ಮುಳುಗಿಹೋಯಿತು. ನನ್ನ ಕಿವಿಯಿಂದ ಮಾತ್ರ ಇನ್ನೂ ಹೋಗಿಲ್ಲ.

ಸ್ವಿಟ್ಜರ್‌ಲ್ಯಾಂಡಿನ ಇಂಟರ್‌ಲಾಕನ್ ಓಸ್ಟ್ ನಿಲ್ದಾಣ. ಅಲ್ಲಿಂದ ಬೆಟ್ಟದ ಕಡೆ ಹೊರಡುವ ರೈಲು ನೋಡಲಿಕ್ಕೆ ಒಂದೇ, ನಿಜದಲ್ಲಿ ಎರಡು. ತ್ಸ್ವೈಲ್ಯೂಚಿನೆನ್ ಎಂಬ ಪುಟ್ಟ ನಿಲ್ದಾಣದವರೆಗೆ ಜೊತೆಯಲ್ಲೇ ಓಡಿ, ಅಲ್ಲಿ ಕೊಂಡಿ ಕಳಚಿಕೊಂಡು ಒಂದು ಭಾಗ ಲೌಟರ್‌ಬ್ರುನನ್ನಿಗೂ ಇನ್ನೊಂದು ಗ್ರಿಂಡೆಲ್‌ವಾಲ್ಡಿಗೂ ಹೋಗುತ್ತವೆ. ಇದೇನೂ ಗುಟ್ಟಲ್ಲ. ಪ್ಲಾಟ್‌ಫಾರಂ ಫಲಕದಲ್ಲಿ ಯಾವ ಊರಿನ ಭಾಗ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆಂದು ಇರುತ್ತದೆ, ಬೋಗಿಯ ಪಕ್ಕದ ಪರದೆಯಲ್ಲಿ ಊರಿನ ಹೆಸರು ಓಡುತ್ತಿರುತ್ತದೆ. ಆದರೆ ರೈಲು ಹೊರಡಲು ಒಂದೇ ನಿಮಿಷವಿದ್ದು, ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಚೀಲಗಳಿದ್ದಾಗ ಯಾರು ಅಕ್ಷರ ಓದುತ್ತಾರೆ? ಅವಳು ಹತ್ತಿರದ ಬಾಗಿಲಿಗೆ ಹತ್ತಿದಳು. ಅವನು, “ನೀನು ಹತ್ತು, ನಾನು ಒಳಗಿಂದ ಬಂದು ಸೇರ್ಕೋತೀನಿ” ಎಂದು ಮುಂದಿನ ಬಾಗಿಲಿಗೆ ಓಡಿದ.

ಆ ಮಾತು ನೂರಕ್ಕೆ ನೂರು ಮೆಜೆಸ್ಟಿಕ್ಕಿನದು. ಇಲ್ಲಿ ರೈಲು ಜರುಗಿದರೆ ಸಿಕ್ಕ ಬೋಗಿಗೆ ಹಾರಿಕೊಂಡು, ಆಮೇಲೆ ಬೋಗಿಗಳ ನಡುವಿನ ವೆಸ್ಟಿಬ್ಯೂಲಿನಲ್ಲಿ ಟೀ ಮಾರುವವರನ್ನು ದಾಟಿ ನಮ್ಮ ಸೀಟಿಗೆ ಬರುವುದು ರೂಢಿ. ಅಲ್ಲಿ ಜೋಡಿಸಿದ ಎರಡು ಗಾಡಿಗಳ ನಡುವೆ ಸಾಮಾನ್ಯವಾಗಿ ಒಳದಾರಿಯೇ ಇರುವುದಿಲ್ಲ. ಎರಡೂ ಕಡೆ ಡ್ರೈವರನ ಕೋಣೆ. ನಮಗೆ ಇದು ತೀರ ಅಪರಿಚಿತವೂ ಅಲ್ಲ. ಬೆಂಗಳೂರಿನಿಂದ ಹೊರಡುತ್ತಿದ್ದ ಕಣ್ಣೂರು–ಕಾರವಾರ ರೈಲು ಹಿಂದೆ ಮಂಗಳೂರಿನಲ್ಲಿ ಇಬ್ಭಾಗವಾಗುತ್ತಿತ್ತು. ಕರಾವಳಿಯವರಿಗೆ ತಮ್ಮ ಬೋಗಿ ಯಾವುದೆಂದು ಬಾಯಿಪಾಠ. ಯುರೋಪಿನಲ್ಲಿ ಜರ್ಮನಿ, ಆಸ್ಟ್ರಿಯಾ, ನೆದರ್‌ಲ್ಯಾಂಡ್ಸ್, ಎಲ್ಲ ಕಡೆ ಇದು ದಿನನಿತ್ಯದ ವ್ಯವಹಾರ. ರಾತ್ರಿ ರೈಲಿನಲ್ಲಂತೂ ನೀವು ಮಲಗಿದ್ದಾಗಲೇ ಬೋಗಿಗಳ ಅದಲುಬದಲು ಮುಗಿದಿರುತ್ತದೆ. ಹಾಗಾಗಿ ರೈಲಿನ ನಂಬರು ಸರಿಯಾಗಿದ್ದರೆ ಸಾಲದು, ಕೂತ ಬೋಗಿಯ ಮೇಲೆ ಬರೆದ ಊರೂ ಸರಿಯಾಗಿರಬೇಕು.

ಕೊಂಡಿ ಕಳಚಿತು. ಅವಳು ಗ್ರಿಂಡೆಲ್‌ವಾಲ್ಡಿನ ಕಡೆ, ಅವನು ಲೌಟರ್‌ಬ್ರುನನ್ನಿನ ಕಡೆ. ಅವಳ ಬಳಿ ಫೋನಿತ್ತು, ನೆಟ್ ಇರಲಿಲ್ಲ. 17 ದಿನವೂ ಅವನ ಹಾಟ್‌ಸ್ಪಾಟೇ ಗತಿ. ಪ್ಯಾರಿಸ್ಸಿನಲ್ಲಿ ಅವಳಿಗೂ ಒಂದು ಸಿಮ್ ಕೊಂಡಿದ್ದರೂ ಅದು ಅಲ್ಲಿ ಕೆಲಸ ಮಾಡುತ್ತಿತ್ತೆಂದು ಹೇಳಲಾಗದು. ಒಂದೇ ಸಿಮ್ಮಿನಲ್ಲಿ ದೇಶ ದಾಟುವ ಸವಲತ್ತು ಐರೋಪ್ಯ ಒಕ್ಕೂಟದ ನಿಯಮ, ಸ್ವಿಟ್ಜರ್‌ಲ್ಯಾಂಡ್ ಒಕ್ಕೂಟದಲ್ಲಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅಲ್ಲಿ ನಡೆಯುತ್ತದೆ ಎಂದಮಾತ್ರಕ್ಕೆ ಸಿಮ್ಮೂ ನಡೆಯುತ್ತದೆಂದು ನಂಬಿ ಕೆಡುವವರು ಬಹಳ. ಕೊಳ್ಳುವಾಗ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಹೆಸರನ್ನು ಕಣ್ಣಾರೆ ನೋಡಬೇಕು. ದುಡ್ಡಿನ ಕಾರ್ಡಿಗೂ ಅದೇ ಮಾತು: ಯುರೋ ತುಂಬಿದ ಕಾರ್ಡನ್ನು ಸ್ವಿಸ್ ಫ್ರಾಂಕಿನ ನಾಡಲ್ಲಿ ಉಜ್ಜಿದರೆ ಬದಲಾವಣೆಯ ಶುಲ್ಕ ಬೀಳುತ್ತದೆ. ಎಟಿಎಂ “ರೂಪಾಯಿಯಲ್ಲೇ ಕಳೆಯಲೇ?” ಎಂದು ಪ್ರೀತಿಯಿಂದ ಕೇಳಿದರೆ ಬೇಡವೆನ್ನಬೇಕು, ಅದರ ದರ ದುಬಾರಿ.

ಟಿಕೆಟ್ ನೋಡಲು ಬಂದವಳು “ಎಲ್ಲಿಗೆ?” ಎಂದು ಕೇಳಿದಳಂತೆ. ಇವಳ ಬಳಿ ಟಿಕೆಟ್ಟೂ ಇಲ್ಲ, ಊರಿನ ಹೆಸರೂ ಇಲ್ಲ. ಎರಡೂ ಟಿಕೆಟ್, ಎರಡೂ ಪಾಸ್‌ಪೋರ್ಟ್, ಹೋಟೆಲಿನ ವಿಳಾಸ, ಎಲ್ಲ ಅವನ ಬಳಿ. “ಫಾಲ್ಸ್ ಇರೋ ಊರು” ಎಂದಳಂತೆ. ಆ ಕಣಿವೆಯ ತುಂಬ ಫಾಲ್ಸೇ, ಅದೇನು ಗುರುತು? ಆದರೂ ಆಕೆಗೆ ಅರ್ಥವಾಯಿತು. ಲೌಟರ್‌ಬ್ರುನನ್ನಿನ ಷ್ಟೌಬ್‌ಬಾಖ್ ಸುಮಾರು 297 ಮೀಟರ್, ನಮ್ಮ ಜೋಗಕ್ಕಿಂತ ಎತ್ತರ. ಆದರೆ ನೀರು ದಾರದಷ್ಟು, ಗಾಳಿ ಬೀಸಿದರೆ ಧೂಳಿನ ಹಾಗೆ ಹಾರುತ್ತದೆ. ವಾಪಸ್ ತ್ಸ್ವೈಲ್ಯೂಚಿನೆನ್ನಿಗೆ ಹೋಗಿ ಕಾಯಿರಿ ಎಂದು ಬೆರಳಿನಲ್ಲಿ ತೋರಿಸಿ, ದಂಡ ಹಾಕದೆ ಹೋದಳಂತೆ. ಪುಣ್ಯಾತ್ಗಿತ್ತಿ.

ಅವಳು ಇಳಿದು ಬರುತ್ತಿರುವಾಗಲೇ ಅವನು ಅವಳನ್ನು ಹುಡುಕಿಕೊಂಡು ಗ್ರಿಂಡೆಲ್‌ವಾಲ್ಡಿಗೆ ಹೊರಟಿದ್ದ. ಎದುರುಬದುರಾದ ರೈಲುಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿಹೋದರು. ಅರ್ಧ ಗಂಟೆಗೊಂದು ರೈಲು. ಒಟ್ಟು ಒಂದೂವರೆ ಗಂಟೆ. ಮನೆಯವರೆಲ್ಲ ಹೆಚ್ಚು ನಕ್ಕಿದ್ದು ಈ ದಾಟುವಿಕೆಗೇ. ಇದಕ್ಕೆ ಔಷಧಿ ಬಲು ಸರಳ, ಆದರೆ ಹೊರಡುವ ಮೊದಲೇ ಮಾತಾಡಿಟ್ಟಿರಬೇಕು: ರೈಲಿನಲ್ಲಿ ಹೋಗಿಬಿಟ್ಟವರು ಮುಂದಿನ ನಿಲ್ದಾಣದಲ್ಲಿಳಿದು ಅಲ್ಲೇ ನಿಲ್ಲಬೇಕು, ಉಳಿದವರು ಅಲ್ಲಿಗೆ ಬರಬೇಕು. ರೈಲೇ ಸೀಳಿಕೊಂಡರೆ ಸೀಳಿದ ನಿಲ್ದಾಣಕ್ಕೆ ಇಬ್ಬರೂ ವಾಪಸ್, ಅಲ್ಲಿಂದ ಯಾರೂ ಕದಲಬಾರದು. ಜಾತ್ರೆಗೆ ಹೋಗುವ ಮಕ್ಕಳಿಗೆ ತೇರಿನ ಹತ್ತಿರ ನಿಂತಿರು ಎಂದು ಹೇಳಿ ಕಳಿಸುವುದಿಲ್ಲವೇ?

ಅವನು ಕೆಟ್ಟವನೇನಲ್ಲ. ಆರು ತಿಂಗಳು ಕೂತು ಪ್ರವಾಸದ ಶೀಟ್ ತಯಾರಿಸಿದವನು. ಯಾವ ದೇಶದಲ್ಲಿ ಹೆಚ್ಚು ರಾತ್ರಿಯೋ ಆ ದೇಶದ ವೀಸಾ, ಹೋಟೆಲ್ ಬುಕಿಂಗಿನಲ್ಲಿ ಇಬ್ಬರ ಹೆಸರೂ ಇರಬೇಕು, ವಿಮೆ 30,000 ಯುರೋಗೆ ಕಡಿಮೆ ಇರಬಾರದು, ಎಲ್ಲ ಅಚ್ಚುಕಟ್ಟು. ಇಂಥವರ ಜೊತೆ ಹೋದರೆ ಕಷ್ಟವಿಲ್ಲ ಎನ್ನುತ್ತಾರೆ. ಕಷ್ಟವಿದೆ. ಜೋಡಿಯಲ್ಲಿ ಒಬ್ಬರು ಟೂರ್ ಮ್ಯಾನೇಜರ್ ಆದ ಕ್ಷಣ ಇನ್ನೊಬ್ಬರು ಲಗೇಜಾಗುತ್ತಾರೆ. ಮಿಲಾನಿನಿಂದ ವರೆನ್ನಾಕ್ಕೆ ಹೋಗುವಾಗ ಅವಳು, “ಎಲ್ಲರೂ ಆ ಡಬ್ಬಕ್ಕೆ ಟಿಕೆಟ್ ತೂರಿಸ್ತಿದಾರಲ್ಲ?” ಎಂದು ಕೇಳಿದ್ದಳು. “ಬೇಡ, ನಾನು ಓದಿದೀನಿ” ಎಂದ. ಅವನು ಓದಿದ್ದು ವೇಗದ ರೈಲಿನ ವಿಷಯ. ಅದರ ಟಿಕೆಟ್ಟಿನಲ್ಲಿ ರೈಲು, ಸೀಟು, ಸಮಯ ಅಚ್ಚಾಗಿರುತ್ತದೆ, ಮುದ್ರೆ ಬೇಕಿಲ್ಲ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಸಮಯ ಗೊತ್ತಾಗುವುದೇ ಆ ಡಬ್ಬ ಮುದ್ರೆ ಹೊಡೆದಾಗ. ಹೊಡೆಸದಿದ್ದರೆ ಅದೇ ಟಿಕೆಟ್ಟಿನಲ್ಲಿ ಇನ್ನೊಮ್ಮೆಯೂ ಹೋಗಬಹುದಲ್ಲ, ಅದಕ್ಕೇ ದಂಡ. ಇಬ್ಬರಿಗೂ ಬಿತ್ತು. ಬರ್ಲಿನ್, ಮ್ಯೂನಿಕ್, ಪ್ರಾಗ್‌ಗಳಲ್ಲೂ ಕಾಗದದ ಟಿಕೆಟ್ಟಿಗೆ ಹೀಗೇ ಮುದ್ರೆ ಬೇಕು. ಬರ್ಲಿನ್ನಿನಲ್ಲಿ ತಪ್ಪಿಗೆ 60 ಯುರೋ.

ಆಮ್‌ಸ್ಟರ್‌ಡ್ಯಾಮಿನ ಟ್ರಾಮ್ ಹತ್ತಿ ಅವನು ಕಾರ್ಡ್ ತೋರಿಸಿ ಅವಳಿಗೆ ಕೊಟ್ಟ, ಅವಳೂ ತೋರಿಸಿದಳು. ಅಲ್ಲಿ ಒಂದು ಕಾರ್ಡು ಒಬ್ಬರಿಗೆ. ಅದೇ ಕಾರ್ಡು ಎರಡನೆಯ ಸಲ ಕಂಡರೆ ಯಂತ್ರ ಅದನ್ನು ಇಳಿಯುವ ಲೆಕ್ಕಕ್ಕೆ ಹಿಡಿಯುತ್ತದೆ. ಪ್ಯಾರಿಸ್ಸಿನ ನವಿಗೊ ಈಸಿ ಕಾರ್ಡೂ ತಲಾ ಒಂದು ಬೇಕು. ನಮ್ಮ ಮೆಟ್ರೋದಲ್ಲಿ ದಿನಾ ಓಡಾಡುವವರೂ ಇದನ್ನು ಮರೆಯುವುದು ಸೋಜಿಗ. ಒಂದೇ ಬ್ಯಾಂಕಿನ ಕಾರ್ಡಿದ್ದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬರು ಪ್ಲಾಸ್ಟಿಕ್ಕು, ಇನ್ನೊಬ್ಬರು ಫೋನು ಬಳಸಬಹುದು. ಯಂತ್ರಕ್ಕೆ ಅವು ಬೇರೆಬೇರೆ.

ನಗು ಇಳಿದ ಮೇಲೆ ಅವನ ಅಮ್ಮ ಒಳಗಿಂದ ಕಾಫಿ ತಂದಿಟ್ಟು ಕೇಳಿದರು: “ಅವಳ ಪಾಸ್‌ಪೋರ್ಟ್ ನಿನ್ನ ಹತ್ರ ಯಾಕಿತ್ತು?”

“ಸೇಫ್ ಆಗಿರ್ಲಿ ಅಂತ ಅಮ್ಮಾ.”

ಸೇಫು! ಎರಡೂ ಪಾಸ್‌ಪೋರ್ಟ್ ಒಂದೇ ಚೀಲದಲ್ಲಿದ್ದರೆ ಕಳ್ಳನಿಗೆ ಒಂದೇ ಸಲದ ಶ್ರಮ. ಅವರವರ ಪಾಸ್‌ಪೋರ್ಟ್ ಅವರವರ ಮೈಮೇಲೆ, ಜೆರಾಕ್ಸ್ ಮಾತ್ರ ಅದಲುಬದಲು. ಕಾರ್ಡು ಎರಡು, ಇಬ್ಬರ ಬಳಿ ಒಂದೊಂದು. ಐವತ್ತು ಯುರೋ ನಗದೂ ತಲಾ. ಟಿಕೆಟ್‌ಗಳನ್ನು ಎರಡೂ ಫೋನಿನಲ್ಲಿ ನೆಟ್ ಇಲ್ಲದೆ ತೆರೆಯುವಂತೆ ಇಳಿಸಿಕೊಳ್ಳಬೇಕು. ಇದೆಲ್ಲಕ್ಕಿಂತ ಹೆಚ್ಚಾಗಿ, ದಿನಾ ಬೆಳಿಗ್ಗೆ ಆ ರಾತ್ರಿ ಮಲಗುವ ಊರು, ಬೀದಿ, ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಇಬ್ಬರೂ ಜೇಬಿಗೆ ಹಾಕಿಕೊಳ್ಳಬೇಕು, ಕೈಬರಹದಲ್ಲೇ. ಫಾರ್ವರ್ಡ್ ಮಾಡಿದ ವಿಳಾಸ ಫೋನಿನಲ್ಲಿ ಉಳಿಯುತ್ತದೆ, ಬರೆದದ್ದು ತಲೆಯಲ್ಲಿ. ಒಂದು ಊರು ಅವನು ನಡೆಸಿದರೆ ಮುಂದಿನದನ್ನು ಅವಳು ನಡೆಸಲಿ. ಸ್ವಲ್ಪ ದಾರಿ ತಪ್ಪುತ್ತದೆ, ತಪ್ಪಲಿ.

ಆಮೇಲೆ ಟಿವಿಗೆ ಫೋಟೋ ಹಾಕಿದರು. ಐಫೆಲ್, ಕಾಲುವೆ, ಡುಓಮೊ ಚರ್ಚು, ಎಲ್ಲದರಲ್ಲೂ ಇಬ್ಬರು, ಒಂದೇ ನಗು. ಅವನ ಫೋನಿನದು ಮುಗಿದು ಅವಳದ್ದು ಬಂತು. ಒಂದು ಸೇತುವೆ, ಕೆಳಗೆ ನದಿ. ಒಂದೆಡೆ ನೀರು ಮಬ್ಬು, ಇನ್ನೊಂದೆಡೆ ಹಾಲಿಗೆ ಹತ್ತಿರ. ಗ್ರಿಂಡೆಲ್‌ವಾಲ್ಡಿನಿಂದ ಬರುವ ಕರಿ ಲ್ಯೂಚಿನೆ, ಲೌಟರ್‌ಬ್ರುನನ್ನಿನಿಂದ ಬರುವ ಬಿಳಿ ಲ್ಯೂಚಿನೆ ಸೇರುವುದು ತ್ಸ್ವೈಲ್ಯೂಚಿನೆನ್ನಿನಲ್ಲೇ. ತ್ಸ್ವೈ ಎಂದರೆ ಎರಡು. ತುಂಗೆ ಭದ್ರೆ ಸೇರುವಲ್ಲಿ ನಾವು ಕೂಡಲಿ ಎಂದೆವು, ಅಲ್ಲಿಯವರು ಎಣಿಸಿ ಹೆಸರಿಟ್ಟರು. ನದಿಗಳು ಸೇರುವ ಕಡೆಯೇ ರೈಲು ಬೇರೆಯಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ತೆಗೆದ ಏಳೆಂಟು ಫೋಟೋಗಳಿದ್ದವು. ಬೆಂಚು, ಹಳಿ, ನೀರು, ಮತ್ತೆ ನೀರು. ಯಾರ ಮುಖವೂ ಇಲ್ಲ. ಅವನು ಸೋಫಾದಿಂದ ಮುಂದಕ್ಕೆ ಬಗ್ಗಿದ.

“ಚೆನ್ನಾಗಿದೆಯಲ್ಲೇ. ಇಲ್ಲಿಗೆ ಯಾವಾಗ ಹೋದ್ವಿ?”

“ನೀನಿನ್ನೂ ಬಂದಿರ್ಲಿಲ್ಲ” ಎಂದಳು, ಮುಂದಿನ ಫೋಟೋ ಒತ್ತದೆ.