ಪಿಎಚ್‌ಡಿ ನಡುವಿನಲ್ಲಿ ಇರುವವರಿಗೆ: ಫೆಲೋಶಿಪ್ ಪಡೆಯುವುದು, ಉಳಿಸಿಕೊಳ್ಳುವುದು

ಪಿಎಚ್‌ಡಿ ಸೇರುವುದು ಹೇಗೆ ಅಂತ ಹೇಳಿಕೊಡಲು ಮೈಸೂರು ವಿವಿಯ ಮಾನಸಗಂಗೋತ್ರಿ ಆವರಣದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಸೇರಿ ಒಂದೂವರೆ ವರ್ಷ ಆದವರಿಗೆ ಹೇಳುವವರು ಕಡಿಮೆ. ಕೋರ್ಸ್‌ವರ್ಕ್ ಮುಗಿದಿರುತ್ತದೆ, ಗೈಡ್ ಒಂದು ಅಧ್ಯಾಯ ಕೇಳುತ್ತಿರುತ್ತಾರೆ, ಮನೆಯವರು ಸಂಬಳ ಯಾವಾಗ ಅಂತ ಕೇಳುತ್ತಿರುತ್ತಾರೆ. ಸೇರುವಾಗ ಫೆಲೋಶಿಪ್ ಸಿಗದವರು ಇನ್ನು ಸಿಗೋದಿಲ್ಲ ಅಂತ ಕೈಚೆಲ್ಲಿರುತ್ತಾರೆ. ಸಿಕ್ಕವರು ಇನ್ನು ಐದು ವರ್ಷ ಚಿಂತೆಯಿಲ್ಲ ಅಂತ ಕೂತಿರುತ್ತಾರೆ. ಎರಡೂ ಲೆಕ್ಕ ತಪ್ಪು.

ಮೊದಲು ಸಿಗದವರ ವಿಷಯ. ಪಿಎಚ್‌ಡಿಗೆ ನೋಂದಾಯಿಸಿದ ಮೇಲೂ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಪಡೆಯಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಆವೃತ್ತಿ ಅಂತ ವರ್ಷಕ್ಕೆರಡು ಸಲ ಬರುತ್ತದೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೆನೆಪದರದಲ್ಲಿ ಬರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ ಇದೆ. ಓದುತ್ತಿರುವಾಗಲೇ ಜೆಆರ್‌ಎಫ್ ಬಂದರೆ ಹಣ ಹಿಂದಿನ ತಿಂಗಳುಗಳಿಗೆ ಸಿಗುವುದಿಲ್ಲ, ಫಲಿತಾಂಶ ಪ್ರಕಟವಾದ ಮೇಲಿನದು ಮಾತ್ರ. ಹಾಗಾಗಿ ಮೂರನೇ ವರ್ಷದಲ್ಲಿ ಬರೆಯುವುದಕ್ಕಿಂತ ಮೊದಲ ವರ್ಷದಲ್ಲೇ ಬರೆದು ಮುಗಿಸುವುದು ಲಾಭ. 2024ರಿಂದ ನೆಟ್‌ನಲ್ಲಿ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಎಂಬ ಮೂರನೇ ಅರ್ಹತೆಯೂ ಸೇರಿದೆ. ಅದರಲ್ಲಿ ಪಾಸಾದರೆ ಹಣವಿಲ್ಲ. ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್‌ನಲ್ಲೂ ಅಷ್ಟೇ. ಅನೇಕ ವರ್ಷ ಮೈಸೂರು ವಿವಿಯೇ ಅದನ್ನು ನಡೆಸಿತು, 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತಿದೆ; ಯಾರು ನಡೆಸಿದರೂ ಅದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ, ಫೆಲೋಶಿಪ್ ಅಲ್ಲ.

ನೆಟ್ ಕೈಕೊಟ್ಟವರಿಗೆ ಕೇಂದ್ರದ ಸಂಶೋಧನಾ ಪರಿಷತ್ತುಗಳಿವೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಶಿಕ್ಷಣ ಇಂಥ ವಿಷಯಗಳಿಗೆ ಐಸಿಎಸ್‌ಎಸ್‌ಆರ್. ಇತಿಹಾಸಕ್ಕೆ ಐಸಿಎಚ್‌ಆರ್. ತತ್ವಶಾಸ್ತ್ರಕ್ಕೆ ಐಸಿಪಿಆರ್. ಐಸಿಎಸ್‌ಎಸ್‌ಆರ್‌ನ ಪೂರ್ಣಾವಧಿ ಡಾಕ್ಟರಲ್ ಫೆಲೋಶಿಪ್‌ನಲ್ಲಿ ತಿಂಗಳಿಗೆ 20,000, ವರ್ಷಕ್ಕೆ 20,000 ಕಂಟಿಂಜೆನ್ಸಿ (ಪುಸ್ತಕ, ಪ್ರಯಾಣದಂಥ ಖರ್ಚಿನ ಹಣ), ಎರಡು ವರ್ಷ. ಮೊತ್ತ ಜೆಆರ್‌ಎಫ್‌ಗಿಂತ ಬಹಳ ಕಡಿಮೆ, ಆದರೆ ಇದು ನೋಂದಣಿ ಖಾಯಂ ಆದವರಿಗೇ ಮಾಡಿದ್ದು. ಸೇರಬೇಕು ಅಂತ ಯೋಚಿಸುತ್ತಿರುವವರಿಗಲ್ಲ, ಓದುತ್ತಿರುವವರಿಗೆ. ಕನ್ನಡ ಸಾಹಿತ್ಯದವರಿಗೆ ಇಂಥ ಬಾಗಿಲು ಕಡಿಮೆ ಎಂಬುದು ನಿಜ. ಅವರು ನೆಟ್, ವರ್ಗವಾರು ಫೆಲೋಶಿಪ್ ಮತ್ತು ವಿವಿಯ ಸುತ್ತೋಲೆಗಳ ಮೇಲೇ ಕಣ್ಣಿಡಬೇಕು.

ಪರಿಷತ್ತಿನ ಅರ್ಜಿ ಹೆಚ್ಚಾಗಿ ಬೀಳುವುದು ಪ್ರಸ್ತಾವದಲ್ಲಿ. ಸೇರುವಾಗ ಸಂದರ್ಶನಕ್ಕೆ ಬರೆದ ಸಿನಾಪ್ಸಿಸನ್ನೇ ಎತ್ತಿ ಹಾಕುತ್ತಾರೆ. ಅದು 'ಅಧ್ಯಯನ ಮಾಡಲಾಗುವುದು', 'ಸಂಗ್ರಹಿಸಲಾಗುವುದು' ಅಂತ ಪೂರ್ತಿ ಭವಿಷ್ಯತ್ಕಾಲದಲ್ಲಿರುತ್ತದೆ. ಎರಡು ವರ್ಷ ಆಗಿದೆ, ಇನ್ನೂ 'ಮಾಡಲಾಗುವುದು' ಎಂದರೆ ಓದುವ ತಜ್ಞರಿಗೆ ಏನನ್ನಿಸಬೇಡ? ಓದುತ್ತಿರುವವರ ಬಲ ಇರುವುದೇ ಆಗಿರುವ ಕೆಲಸದಲ್ಲಿ.

'ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸಾಮಾಜಿಕ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ' ಎಂಬ ಶೀರ್ಷಿಕೆ ನೋಂದಣಿಯಾಗಿದೆ ಅಂತ ಇಟ್ಟುಕೊಳ್ಳಿ. ಇಂಥ ಶೀರ್ಷಿಕೆಗಳು ಲೈಬ್ರರಿಯಲ್ಲಿ ಸಾಲಾಗಿ ನಿಂತಿವೆ. ಅದನ್ನು ಅರ್ಜಿಯಲ್ಲಿ ಬದಲಿಸಬೇಡಿ; ನೋಂದಣಿ ಪತ್ರದಲ್ಲಿರುವುದಕ್ಕೂ ಅರ್ಜಿಗೂ ಒಂದು ಪದ ಹೆಚ್ಚುಕಡಿಮೆಯಾದರೂ ತಕರಾರು ಬರುತ್ತದೆ. ಒಳಗೆ ಬಿಗಿ ಮಾಡಿ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ಹಳ್ಳಿಗಳು ಯಾವುವು, ಮದ್ದೂರು ಮಳವಳ್ಳಿ ಕಡೆಯ ಕೊನೇ ಭಾಗದ ಹಳ್ಳಿಗಳು ಯಾವುವು, ನೀರು ತಡವಾಗಿ ತಲುಪುವ ಕಡೆ ಕಬ್ಬು ಬಿಟ್ಟು ಏನು ಬೆಳೆಯುತ್ತಿದ್ದಾರೆ, ಕಾರ್ಖಾನೆಯ ಬಾಕಿ ಹಣ ಯಾವ ರೈತರನ್ನು ಆಲೆಮನೆ ಕಡೆ ತಳ್ಳಿತು: ಇಷ್ಟು ಬರೆದರೆ ಪ್ರಶ್ನೆ ಕಣ್ಣಿಗೆ ಕಾಣುತ್ತದೆ. ಆಮೇಲೆ ಎಷ್ಟು ಮನೆಗಳ ಸಮೀಕ್ಷೆ ಮುಗಿದಿದೆ, ಎಷ್ಟು ಉಳಿದಿದೆ, ಯಾವ ಅಧ್ಯಾಯ ಕರಡಾಗಿದೆ, ಉಳಿದದ್ದಕ್ಕೆ ಎಷ್ಟು ತಿಂಗಳು ಬೇಕು ಅಂತ ತಿಂಗಳ ಲೆಕ್ಕದಲ್ಲಿ ಕೊಡಿ. ಗೈಡ್ ಪತ್ರವೂ ಇದನ್ನೇ ಹೇಳಬೇಕು. 'ಈ ವಿದ್ಯಾರ್ಥಿ ಶ್ರಮಜೀವಿ, ಸನ್ನಡತೆಯುಳ್ಳವರು' ಎಂಬ ಪತ್ರದಿಂದ ನಯಾಪೈಸೆ ಉಪಯೋಗವಿಲ್ಲ.

ಇಲ್ಲೊಂದು ಎಚ್ಚರ. ನಮ್ಮ ಕಡೆ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡಿನ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು. ಬೇರೆ ಆಸರೆ ಇಲ್ಲದವರಿಗೆ ಅದೇ ಜೀವನ, ತಪ್ಪಲ್ಲ. ಆದರೆ ಪೂರ್ಣಾವಧಿ ಫೆಲೋಶಿಪ್ ಜೊತೆ ಅದು ನಡೆಯುವುದಿಲ್ಲ. ಬೇರೆ ಯಾವ ಮೂಲದಿಂದಲೂ ಸಂಬಳ, ಗೌರವಧನ, ಸ್ಟೈಪೆಂಡ್ ಪಡೆಯುತ್ತಿಲ್ಲ ಅಂತ ಬರೆದು ಸಹಿ ಹಾಕಿರುತ್ತೀರಿ. ಗೌರವಧನ ಪ್ಯಾನ್ ಜೊತೆ ಸೇರಿದ ಖಾತೆಗೇ ಬೀಳುವ ಕಾಲ ಇದು, ಗೊತ್ತಾಗೋದಿಲ್ಲ ಅಂತ ನಂಬಬೇಡಿ. ವಸೂಲಿ ಬಂದರೆ ಎರಡೂ ಕಡೆ ಹೋಗುತ್ತದೆ. ಫೆಲೋಶಿಪ್ ಶುರುವಾಗುವ ದಿನಕ್ಕೆ ಮೊದಲೇ ಕಾಲೇಜಿನಿಂದ ಬಿಡುಗಡೆ ಪತ್ರ ತೆಗೆದುಕೊಳ್ಳಿ. ಎರಡು ಫೆಲೋಶಿಪ್ ಒಟ್ಟಿಗೆ ಪಡೆಯುವಂತೆಯೂ ಇಲ್ಲ; ದೊಡ್ಡದು ಬಂದರೆ ಚಿಕ್ಕದಕ್ಕೆ ರಾಜೀನಾಮೆ ಕೊಟ್ಟು, ಅದರ ಪ್ರತಿ ಇಟ್ಟುಕೊಂಡೇ ಮುಂದಿನದಕ್ಕೆ ಸೇರುವುದು.

ವರ್ಗವಾರು ಫೆಲೋಶಿಪ್‌ಗಳಲ್ಲಿ ಎರಡನ್ನು ನಮ್ಮವರು ಗಮನಿಸುವುದು ಕಡಿಮೆ. ಒಂದು, ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಬುಡಕಟ್ಟು ಸಚಿವಾಲಯ ಕೊಡುವುದು, ವರ್ಷಕ್ಕೆ 750 ಜನಕ್ಕೆ. ಆಯ್ಕೆ ಸ್ನಾತಕೋತ್ತರ ಅಂಕದ ಮೇಲೆ, ನೆಟ್ ಕಡ್ಡಾಯವಲ್ಲ. ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಅದರಲ್ಲಿ ಆದ್ಯತೆ ಇದೆ, ಎಚ್.ಡಿ. ಕೋಟೆ, ಹುಣಸೂರಿನ ಜೇನುಕುರುಬರು ಆ ಪಟ್ಟಿಯಲ್ಲಿದ್ದಾರೆ. ಇನ್ನೊಂದು, ಮನೆಗೆ ಒಬ್ಬಳೇ ಮಗಳಾದವರಿಗೆ ಯುಜಿಸಿ ಕೊಡುವ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್. ಅಣ್ಣತಮ್ಮಂದಿರು ಇರಬಾರದು, ಅಕ್ಕತಂಗಿಯರೂ ಇರಬಾರದು. ಅವಳಿ ಹೆಣ್ಣುಮಕ್ಕಳಾದರೆ ಅಡ್ಡಿಯಿಲ್ಲ. ಛಾಪಾ ಕಾಗದದ ಮೇಲೆ ಅಫಿಡವಿಟ್ ಬೇಕು. ಅರೆಕಾಲಿಕ ಪಿಎಚ್‌ಡಿಯವರಿಗೆ ಇದು ಇಲ್ಲ.

ಎಂಎ, ಎಂಎಸ್ಸಿ ಎರಡನೇ ವರ್ಷಕ್ಕೆ ಬಂದವರಿಗೆ ಹೇಳಬೇಕಾದ್ದು ಹೆಚ್ಚಿಲ್ಲ. ಯುಜಿಸಿಯ ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 15,000ದಂತೆ ವರ್ಷಕ್ಕೆ ಹತ್ತು ತಿಂಗಳು ಬರುತ್ತದೆ. ಎರಡನೇ ವರ್ಷಕ್ಕೆ ಅದು ತಾನಾಗಿ ಮುಂದುವರಿಯುವುದಿಲ್ಲ, ಕೇಂದ್ರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ 'ರಿನ್ಯೂವಲ್' ಆಯ್ಕೆಯಲ್ಲೇ ಅರ್ಜಿ ಹಾಕಬೇಕು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಗೂ ಪ್ರತಿ ವರ್ಷ ಅರ್ಜಿ ಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಸ್ಸು. ಪಿಯುಸಿಯಲ್ಲಿ ಮಾಡಿಸಿದ್ದು ಎಂಎ ಹೊತ್ತಿಗೆ ಸತ್ತಿರುತ್ತದೆ, ಅದರ ಮೇಲಿನ ಹಳೇ ಆರ್‌ಡಿ ನಂಬರ್ ಹಾಕಿದರೆ ಅರ್ಜಿ ಮುಂದೆ ಹೋಗುವುದಿಲ್ಲ. ಎಂಎಸ್ಸಿಯಲ್ಲಿ ಮೊದಲ ರ‍್ಯಾಂಕಿನ ಹತ್ತಿರ ಇರುವವರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್ ಫೆಲೋಶಿಪ್ ಮನಸ್ಸಿನಲ್ಲಿಟ್ಟುಕೊಳ್ಳಿ. ಪದಕದ ಜೊತೆ ಫೋಟೊ ತೆಗೆಸಿಕೊಂಡು, ಆ ರ‍್ಯಾಂಕ್ ಐದು ವರ್ಷದ ಫೆಲೋಶಿಪ್‌ಗೂ ದಾರಿ ಅಂತ ತಿಳಿಯದೆ ಬಿಎಡ್ ಸೇರುವವರಿದ್ದಾರೆ.

ಇನ್ನು ಫೆಲೋಶಿಪ್ ಇರುವವರು. 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 37,000, ಎರಡು ವರ್ಷದ ನಂತರದ ಹಿರಿಯ ಫೆಲೋಶಿಪ್ ಎಸ್‌ಆರ್‌ಎಫ್ 42,000. ಆದೇಶ ಬಂದ ಮೇಲೆ ಹಣ ತಾನಾಗಿ ಹರಿಯುತ್ತದೆ ಅನ್ನುವುದು ಭ್ರಮೆ. ಯುಜಿಸಿ ಫೆಲೋಶಿಪ್‌ಗೆ ಕೆನರಾ ಬ್ಯಾಂಕ್ ಪೋರ್ಟಲಿನಲ್ಲಿ ಪ್ರತಿ ತಿಂಗಳೂ ವಿಶ್ವವಿದ್ಯಾನಿಲಯ ನಿಮ್ಮ ಹೆಸರನ್ನು ದೃಢಪಡಿಸಬೇಕು. 'ಮೇಕರ್' ಒಬ್ಬರು ಸೇರಿಸುತ್ತಾರೆ, 'ಚೆಕರ್' ಒಬ್ಬರು ಒಪ್ಪುತ್ತಾರೆ. ಒಬ್ಬರು ರಜೆ ಹಾಕಿದರೂ, ವರ್ಗವಾದರೂ, ಮೌಲ್ಯಮಾಪನ ಕೆಲಸಕ್ಕೆ ಹೋದರೂ ಆ ತಿಂಗಳು ನಿಂತಿತು. ಹಾಜರಾತಿ ಪತ್ರಕ್ಕೆ ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಮಾಡಿಸಿ ತಿಂಗಳ ಮೊದಲ ದಿನಗಳಲ್ಲೇ ತಲುಪಿಸಿ. ದೆಹಲಿಗೆ ಈಮೇಲ್ ಬರೆದು ಕಾಯುವ ಮೊದಲು, ನಿಮ್ಮ ಹೆಸರು ಮೇಕರ್ ಹಂತದಲ್ಲಿದೆಯೋ ಚೆಕರ್ ಹಂತದಲ್ಲಿದೆಯೋ ಕೇಳಿ. ಹೆಚ್ಚು ಸಲ ಕಡತ ನಿಂತಿರುವುದು ಇದೇ ಊರಿನಲ್ಲಿ.

ದೃಢೀಕರಣವಾಗಿಯೂ ಹಣ ಬಾರದಿದ್ದರೆ ಆಧಾರ್ ನೋಡಿ. ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟಿದ್ದರೆ ಸಾಲದು; ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರಿ ಹಣ ಬೀಳಲು ಆಧಾರ್‌ಗೆ ಜೋಡಿಸಿದ ಖಾತೆ, ಯಾವ ಖಾತೆಗಿದೆ ಎಂಬುದು ಮುಖ್ಯ. ಕೊನೆಗೆ ಯಾವ ಖಾತೆಗೆ ಜೋಡಿಸಿದ್ದೀರೋ ಹಣ ಅಲ್ಲಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೂ ಹೋಗಬಹುದು. ಮೈಆಧಾರ್ ತಾಣದ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಹೆಸರಿನ ಕಾಗುಣಿತ ಇನ್ನೊಂದು ಕಾಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಹದೇವಸ್ವಾಮಿ ಎಸ್.', ಆಧಾರ್‌ನಲ್ಲಿ 'ಎಸ್ ಮಾದೇವಸ್ವಾಮಿ', ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಬದಲು ಅಪ್ಪನ ಪೂರ್ತಿ ಹೆಸರು. ನಮಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು. ಎಸ್ಸೆಸ್ಸೆಲ್ಸಿಯಂತೆ ಆಧಾರ್ ತಿದ್ದಿಸಿ, ಆಧಾರ್‌ನಂತೆ ಪಾಸ್‌ಬುಕ್. ಈ ಕ್ರಮ ತಿರುಗಿಸಿದರೆ ಎರಡು ಸಲ ಓಡಾಟ.

ಮನೆ ಬಾಡಿಗೆ ಭತ್ಯೆ ನೀವಿರುವ ಮನೆಯ ಮೇಲಲ್ಲ, ಸಂಶೋಧನಾ ಕೇಂದ್ರ ಇರುವ ಊರಿನ ಮೇಲೆ. ಕೇಂದ್ರ ಸರ್ಕಾರದ ನಗರ ವಿಂಗಡಣೆಯಲ್ಲಿ ಮೈಸೂರು 'ವೈ' ದರ್ಜೆ, ಮಂಡ್ಯ 'ಝಡ್'. 2023ರ ದರದಲ್ಲಿ ಅವು ಶೇ 18 ಮತ್ತು ಶೇ 9, ಅಂದರೆ 37,000ಕ್ಕೆ 6,660 ಮತ್ತು 3,330. ಮಂಡ್ಯದಿಂದ ರೈಲಿನಲ್ಲಿ ಗಂಗೋತ್ರಿಗೆ ಬಂದುಹೋಗುವವರಿಗೂ ಮೈಸೂರಿನ ದರವೇ. ಆದರೆ ಹಾಸ್ಟೆಲ್ ಸಿಕ್ಕಿಯೂ ಬೇಡ ಅಂದವರಿಗೆ ಈ ಭತ್ಯೆಯ ಹಕ್ಕು ಹೋಗುತ್ತದೆ. ಹಾಸ್ಟೆಲ್ ಖಾಲಿ ಇರಲಿಲ್ಲ ಎಂಬುದಕ್ಕೆ ವಾರ್ಡನ್ ಕಚೇರಿಯಿಂದ ಪತ್ರ ಇಟ್ಟುಕೊಂಡಿರಿ.

ರಜೆ ವರ್ಷಕ್ಕೆ 30 ದಿನ, ಸಾರ್ವಜನಿಕ ರಜೆ ಬಿಟ್ಟು. ಬೇಸಿಗೆ ರಜೆ, ದಸರಾ ರಜೆಗೆ ವಿಭಾಗ ಬಾಗಿಲು ಹಾಕಿದರೂ ನಿಮಗೆ ರಜೆಯಿಲ್ಲ; ಆ ದಿನಗಳ ಕ್ಷೇತ್ರಕಾರ್ಯಕ್ಕೆ ಗೈಡ್ ಅನುಮತಿ ಬರಹದಲ್ಲಿರಲಿ. ಹೆರಿಗೆ ರಜೆಯಲ್ಲಿ ಪೂರ್ಣ ಫೆಲೋಶಿಪ್ ಸಿಗುತ್ತದೆ, ಅವಧಿಯಲ್ಲಿ ಒಂದು ಸಲ.

ಎರಡು ವರ್ಷ ತುಂಬಿದಾಗ ಎಸ್‌ಆರ್‌ಎಫ್ ಆಗಬೇಕು. ಗೈಡ್, ವಿಭಾಗದ ಮುಖ್ಯಸ್ಥರು, ಹೊರಗಿನ ಒಬ್ಬ ವಿಷಯತಜ್ಞರು, ಹೀಗೆ ಮೂವರ ಸಮಿತಿ ಕೂತು ಕೆಲಸ ನೋಡಬೇಕು. ತಡವಾಗುವುದು ಈ ಹೊರಗಿನವರ ದಿನಾಂಕದಿಂದ, ನಿಮ್ಮ ಕೆಲಸದಿಂದಲ್ಲ. ಅವಧಿ ತುಂಬುವ ಮೂರು ತಿಂಗಳು ಮುಂಚೆಯೇ ತಜ್ಞರ ಹೆಸರು ಒಪ್ಪಿಸಿಕೊಳ್ಳಿ, ಆರು ತಿಂಗಳಿಗೊಮ್ಮೆ ಕೊಟ್ಟ ಪ್ರಗತಿ ವರದಿಗಳನ್ನೆಲ್ಲ ಒಂದೇ ಕಡೆ ಹೊಲಿಸಿ ಇಡಿ. ಕಂಟಿಂಜೆನ್ಸಿಯೂ ಆಗ ಏರುತ್ತದೆ: ಮಾನವಿಕದವರಿಗೆ ವರ್ಷಕ್ಕೆ 10,000 ಇದ್ದದ್ದು 20,500, ವಿಜ್ಞಾನದವರಿಗೆ 12,000 ಇದ್ದದ್ದು 25,000. ಪುಸ್ತಕ, ರಾಸಾಯನಿಕ, ಕ್ಷೇತ್ರಕಾರ್ಯದ ಪ್ರಯಾಣ, ಟೈಪಿಂಗ್ ಇದರಲ್ಲಿ ಬರುತ್ತದೆ. ಕುರ್ಚಿ ಮೇಜು ಬರುವುದಿಲ್ಲ. ಬಿಲ್ಲು ನಿಮ್ಮ ಹೆಸರಿನಲ್ಲಿ, ದಿನಾಂಕ ಸಮೇತ ಇರಲಿ, ಮಾರ್ಚ್ ಕೊನೇ ವಾರದವರೆಗೆ ಕಾಯಬೇಡಿ.

ಪ್ರಬಂಧ ಸಲ್ಲಿಸಿದ ದಿನಕ್ಕೆ, ಇಲ್ಲವೇ ಐದು ವರ್ಷಕ್ಕೆ, ಯಾವುದು ಮೊದಲೋ ಆ ದಿನಕ್ಕೆ ಫೆಲೋಶಿಪ್ ಮುಗಿಯುತ್ತದೆ. ವೈವಾ ತನಕ ಬರುತ್ತದೆ ಅಂತ ಎಣಿಸಿ ಸಾಲ ಮಾಡಬೇಡಿ. ಸಲ್ಲಿಸುವ ತಿಂಗಳಿಗೆ ಮೊದಲೇ ಬಾಕಿ ಬಾಡಿಗೆ ಭತ್ಯೆ, ಕಂಟಿಂಜೆನ್ಸಿ ಬಿಲ್ಲುಗಳನ್ನು ವಿವಿಯ ಆಡಳಿತ ಕಚೇರಿ ಕ್ರಾಫರ್ಡ್ ಹಾಲಿಗೆ ಮುಟ್ಟಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ಜೊತೆಗಿಟ್ಟುಕೊಳ್ಳಿ. ಪೋರ್ಟಲಿನಲ್ಲಿ ಹೆಸರು ಮುಚ್ಚಿದ ಮೇಲೆ ಅವನ್ನು ಪಾಸು ಮಾಡಿಸುವುದು ಬಹಳ ಕಷ್ಟ.