ಪ್ಲಾಸ್ಟರ್ ಇಲ್ಲದ ಗೋಡೆ

ಕೋಲಾರದ ನಮ್ಮ ಹೊಸ ಆಫೀಸಿನ ಗೋಡೆಗೆ ಪ್ಲಾಸ್ಟರೂ ಇಲ್ಲ, ಬಣ್ಣವೂ ಇಲ್ಲ. ಬರೀ ಮಾಲೂರಿನ ಇಟ್ಟಿಗೆ. ಬಂದವರೆಲ್ಲ "ದುಡ್ಡು ಸಾಲಲಿಲ್ವಾ?" ಅಂತ ಕೇಳುತ್ತಾರೆ!

ಇದು ರ‍್ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ, ಹಾಗಾಗಿ ಗೋಡೆಯೊಳಗೆ ಪೊಳ್ಳು ಉಳಿಯುತ್ತದೆ, ಅದರಲ್ಲಿ ನಿಂತ ಗಾಳಿ ಹೊರಗಿನ ಬಿಸಿಯನ್ನು ಅಷ್ಟು ಸುಲಭವಾಗಿ ಒಳಗೆ ಬಿಡೋದಿಲ್ಲ. ಮಾಮೂಲಿ ಒಂಬತ್ತು ಇಂಚಿನ ಗೋಡೆಗಿಂತ ಸುಮಾರು 25% ಇಟ್ಟಿಗೆ ಕಡಿಮೆ ಸಾಕು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯ ಮಾಡಿದ್ದು. ಇಟ್ಟಿಗೆ ಅಂದರೆ ಮಣ್ಣು ಅಗೆಯಬೇಕು, ಗೂಡು ಉರಿಸಬೇಕು, ಅದು ಪರಿಸರಕ್ಕೆ ಒಳ್ಳೆಯದು ಹೇಗಾಯ್ತು ಅಂತ ಕೇಳಬಹುದು, ನ್ಯಾಯವೇ. ಅದಕ್ಕೇ ಕಡಿಮೆ ಇಟ್ಟಿಗೆಯಲ್ಲಿ ಮುಗಿಸೋದು ಮುಖ್ಯ ಅಲ್ವಾ?

ಆದರೆ ಮೇಸ್ತ್ರಿ ಕೈ ಚೆನ್ನಾಗಿರಬೇಕು. ಪ್ಲಾಸ್ಟರ್ ಇದ್ದರೆ ಓರೆಕೋರೆ ಎಲ್ಲ ಮುಚ್ಚಿಹೋಗುತ್ತದೆ, ಇಲ್ಲಿ ಒಂದು ಸಂದು ಸ್ವಲ್ಪ ದಪ್ಪ ಆದರೂ ದಿನಾ ಕಣ್ಣಿಗೆ ಹೊಡೆಯುತ್ತದೆ. ನನ್ನ ಮೇಜಿನ ಪಕ್ಕದ ಇಟ್ಟಿಗೆಯೊಂದರ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಹಾಗೇ ಸುಟ್ಟು ಉಳಿದಿದೆ. ಫೋನಿನಲ್ಲಿ ಮಾತಾಡುವಾಗ ಸುಮ್ನೆ ಅದನ್ನೇ ಸವರುತ್ತಿರುತ್ತೇನೆ.

ಮೆಟ್ಟಿಲ ಹತ್ತಿರ ನಡುನಡುವೆ ಕಿಂಡಿ ಬಿಟ್ಟು ಕಟ್ಟಿದ ಇಟ್ಟಿಗೆ ಜಾಲಿ ಇದೆ, ಮಧ್ಯಾಹ್ನವೂ ಗಾಳಿ ಆಡುತ್ತದೆ, ಟೀ ಕುಡಿಯೋಕೆ ಎಲ್ಲರೂ ಅಲ್ಲೇ. ಇಷ್ಟೆಲ್ಲ ಮಾಡಿ ಮೀಟಿಂಗ್ ರೂಮಿಗೆ ಮಾತ್ರ ಪಶ್ಚಿಮಕ್ಕೆ ದೊಡ್ಡ ಗಾಜು ಹಾಕಿದ್ದಾರೆ ನೋಡಿ. ಅಲ್ಲಿ ಏಸಿ ಇಲ್ಲದೆ ಕೂರೋಕಾಗಲ್ಲ.