ನಕ್ಷೆ ಆಮೇಲೆ, ಮೊದಲು ನೀರು ಎಲ್ಲಿದೆ ನೋಡಿ

ಕೋಲಾರದ ನಮ್ಮ ಮನೆ ಮಹಡಿ ರೂಮಿನಲ್ಲಿ ಭಾನುವಾರ ಮಧ್ಯಾಹ್ನ ಆರು ಜನ ಕೂತು ದಾಳ ಉರುಳಿಸುತ್ತೇವೆ. ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುವುದು "ಏನು, ಇಸ್ಪೀಟಾ?" ಅಂತ. ಅಲ್ಲ ಅಂತ ಗೊತ್ತಾಗಿ, ಎರಡು ವಾರ ಜೊತೆಗೆ ಕೂತು ಆಡಿದ ಮೇಲೆ ಕೇಳುವ ಪ್ರಶ್ನೆ ಬೇರೆ. "ನಾನೂ ಒಂದು ಲೋಕ ಕಟ್ಟಬೇಕು ಅಣ್ಣಾ, ಎಲ್ಲಿಂದ ಶುರು ಮಾಡ್ಲಿ?" ಹೋದ ತಿಂಗಳು ಒಬ್ಬ ಹುಡುಗ ಇದನ್ನೇ ಕೇಳಿ, ಜೊತೆಗೆ ಡ್ರಾಯಿಂಗ್ ಶೀಟ್ ಕೂಡ ತಂದಿದ್ದ. ನಕ್ಷೆ ಬರೆಯೋಕೆ. ಆ ಶೀಟನ್ನು ಸುತ್ತಿ ಪಕ್ಕಕ್ಕಿಡು ಅಂದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಿಎಂ. ಉಳಿದವರಿಗೆ ಒಂದೊಂದು ಪಾತ್ರ. ಆಗುತ್ತೋ ಇಲ್ವೋ ಅನ್ನುವ ಕಡೆ 20 ಮುಖದ ದಾಳ ಉರುಳಿಸಬೇಕು. ಪುಸ್ತಕದ ಲೋಕ ಬಿಟ್ಟು ನಾವೇ ಕಟ್ಟಿಕೊಂಡ ಲೋಕಕ್ಕೆ ಹೋಂಬ್ರೂ ಅನ್ನುತ್ತಾರೆ. ಪುಸ್ತಕದ ನಿಯಮ ಬದಲಿಸಿಕೊಂಡರೆ ಅದು ಹೌಸ್ ರೂಲ್. ಹೌಸ್ ರೂಲ್ ನಮಗೇನೂ ಹೊಸದಲ್ಲ. ಚೌಕಾಬಾರಾದಲ್ಲಿ ಒಬ್ಬರ ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಪಕ್ಕದ ಮನೆಯಲ್ಲಿ ಹೋಗಬಹುದು. ಆಟ ಶುರುವಾಗುವ ಮೊದಲು ಕೇಳಿಕೊಂಡರೆ ಮುಗೀತು, ಕೇಳದಿದ್ದರೆ ಜಗಳ.

ನನ್ನ ಮೊದಲ ಲೋಕ 200 ಪುಟದ ನೋಟ್‌ಬುಕ್ಕಿನಲ್ಲಿತ್ತು. ಏಳು ರಾಜ್ಯ, ಮೂರು ರಾಜವಂಶ, ಒಂದು ದೊಡ್ಡ ಯುದ್ಧ, ಎಲ್ಲಕ್ಕೂ ಬಣ್ಣದ ಪೆನ್ನಿನ ನಕ್ಷೆ. ಮೊದಲ ದಿನವೇ ನಮ್ಮವರು ಊರ ಬಾವಿಯ ಹತ್ತಿರ ಕೂತರು. ನೀರು ಸೇದುತ್ತಿದ್ದ ಹೆಂಗಸು ಇವರ ಕುದುರೆಗೆ ನೀರು ಕೊಡಲ್ಲ ಅಂದಳು. ಆ ಹೆಂಗಸು ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ, ಬಾಯಿಗೆ ಬಂದಿದ್ದು ಆಡಿದ್ದೆ. ಸಂಜೆ ಆರರವರೆಗೆ ಅದೇ ಜಗಳ. ಆದರೆ ಅವತ್ತು ಯಾರೂ ಮೊಬೈಲ್ ನೋಡಲಿಲ್ಲ. ಏಳು ರಾಜ್ಯಗಳಲ್ಲಿ ಆರರ ಹೆಸರು ನನಗೇ ಈಗ ನೆನಪಿಲ್ಲ.

ಹಾಗಾಗಿ ನನ್ನ ಉತ್ತರ ಇದು. ನಿಮ್ಮ ಲೋಕದಲ್ಲಿ ಯಾವುದಕ್ಕೆ ಬರ ಅನ್ನುವುದನ್ನು ಮೊದಲು ಗೊತ್ತುಮಾಡಿ. ಆ ಬರ ಆಟದಲ್ಲಿ ನಿಜವಾಗಿ ತಟ್ಟುವ ಹಾಗೆ ಒಂದೇ ಒಂದು ನಿಯಮ ಬದಲಿಸಿ.

ಕೋಲಾರದವನಿಗೆ ಯಾವುದಕ್ಕೆ ಬರ ಅಂತ ಯೋಚಿಸುವ ಕಷ್ಟವೇನೂ ಇಲ್ಲ. ಆದರೆ ಪುಸ್ತಕದ ನಿಯಮದಲ್ಲಿ ಒಂದು ತೂತು ಇದೆ. 2014ರ ಐದನೇ ಆವೃತ್ತಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು, ಬಿಸಿಲಿದ್ದರೆ ಎರಡು. ಅರ್ಧ ಮಾತ್ರ ಸಿಕ್ಕರೆ ದಾಳ ಉರುಳಿಸಬೇಕು, ಸೋತರೆ ದಣಿವು ಒಂದು ಹಂತ ಏರುತ್ತದೆ. ಅದಕ್ಕಿಂತ ಕಡಿಮೆಯಾದರೆ ದಾಳವೂ ಇಲ್ಲ, ದಣಿವು ಗ್ಯಾರಂಟಿ. ಆರನೇ ಹಂತಕ್ಕೆ ಸಾವು. ಇಷ್ಟು ಚೆನ್ನಾಗಿದೆ. ಆದರೆ ಅದೇ ಪುಸ್ತಕದಲ್ಲಿ ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಅಂತ ಮೊದಲ ಹಂತದ ಮಂತ್ರವಿದೆ. ಒಂದು ಸಲ ಹೇಳಿದರೆ 10 ಗ್ಯಾಲನ್ ನೀರು, ಅಂದರೆ ಸುಮಾರು 38 ಲೀಟರ್. ಐದು ಜನಕ್ಕೆ ಎರಡೆರಡು ಗ್ಯಾಲನ್, ಲೆಕ್ಕ ಸರಿಹೋಯಿತು. ನಮ್ಮ ಅತ್ತಿಗೆ ಪೂಜಾರಿಣಿಯ ಪಾತ್ರ ಆಡುತ್ತಾರೆ. ನಾನು ಭಾರಿ ಬರಗಾಲ ಅಂತ ವರ್ಣಿಸುತ್ತಿದ್ದರೆ ಅವರು ತಣ್ಣಗೆ, "ಬಿಂದಿಗೆ ಇಡಿ, ನೀರು ಬಿಡ್ತೀನಿ" ಅಂದರು. ಬರಗಾಲ ಅಲ್ಲಿಗೇ ಮುಗೀತು.

ಮಂತ್ರ ಬ್ಯಾನ್ ಮಾಡಬಹುದಿತ್ತು. ಅದು ಸೋಮಾರಿಯ ದಾರಿ. ಆಗ ನೆನಪಾಗಿದ್ದು ಅಂತರಗಂಗೆ. ಬೆಟ್ಟವೆಲ್ಲ ಒಣಗಿ ಬಂಡೆ ಕಾದಿದ್ದರೂ ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ, ಈ ನೀರು ಎಲ್ಲಿಂದ ಬರುತ್ತೆ ಅಂತ. ಕಾಶಿಯಿಂದ ಅಂದಿದ್ದರು. "ಹಂಗಾದ್ರೆ ಅಲ್ಲಿ ಕಮ್ಮಿ ಆಗಲ್ವಾ ಅಜ್ಜಿ?" ಅಜ್ಜಿ ತಲೆಗೆ ಒಂದು ಮೊಟಕಿದರು.

ನಮ್ಮ ಹೌಸ್ ರೂಲ್ ಆ ಮೊಟಕಿನಿಂದ ಹುಟ್ಟಿದ್ದು. ಮಂತ್ರ ನೀರನ್ನು ಹುಟ್ಟಿಸುವುದಿಲ್ಲ, ಬೇರೆ ಕಡೆಯಿಂದ ಎಳೆಯುತ್ತದೆ. ಅಷ್ಟೇ.

ಮೊದಲ ಸಲ ಇದನ್ನು ಕೆಟ್ಟದಾಗಿ ಆಡಿಸಿದೆ. ನೀರು ಎಲ್ಲಿಂದ ಬಂತು ಅನ್ನುವುದನ್ನು ಗುಟ್ಟಾಗಿಟ್ಟೆ. ಅತ್ತಿಗೆ ಒಂದು ಊರಿನ ಬಿಂದಿಗೆಗಳನ್ನು ತುಂಬಿಸಿದರು, ಮುಂದಿನ ವಾರ ಪಕ್ಕದ ಊರಿನ ಕಲ್ಯಾಣಿ ಬತ್ತಿತ್ತು, ಜನ ದೊಣ್ಣೆ ಹಿಡಿದು ಬಂದರು. ನನಗೆ ಭಾರಿ ಖುಷಿ. ಅತ್ತಿಗೆ ಆ ಮಂತ್ರವನ್ನು ಆಮೇಲೆ ಮುಟ್ಟಲೇ ಇಲ್ಲ. ಅಂದರೆ ಬ್ಯಾನ್ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಎರಡು ತಿಂಗಳು ಬೇಕಾಯಿತು ನನಗೆ ಇದು ಅರ್ಥವಾಗಲು. ಈಗ ನಿಯಮ ಹೀಗಿದೆ: ಎಲ್ಲಿಂದ ಎಳೆಯಬೇಕು ಅಂತ ಮಂತ್ರ ಹೇಳುವವರೇ ಆರಿಸಬೇಕು, ಬಾಯಿ ಬಿಟ್ಟು ಹೇಳಬೇಕು. ಸಾಹುಕಾರನ ಬಾವಿಯಿಂದಲೋ, ದೇವಸ್ಥಾನದ ಕಲ್ಯಾಣಿಯಿಂದಲೋ, ಸ್ವಂತ ಮೈಯಿಂದಲೋ. ಮೈಯಿಂದ ಎಳೆದರೆ ದಣಿವು ಒಂದು ಹಂತ. ಈಗ ಪ್ರತಿ ವಾರ ಮಂತ್ರ ಕೇಳಿಬರುತ್ತದೆ, ಅದಕ್ಕೆ ಮೊದಲು ಹತ್ತು ನಿಮಿಷ ವಾದ ನಡೆಯುತ್ತದೆ. ಹೋದ ವಾರ ಅತ್ತಿಗೆ ಮೈಯಿಂದಲೇ ಎಳೆದರು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಈ ಒಂದು ನಿಯಮದ ಹಿಂದೆ ಲೋಕ ತಾನಾಗಿ ಬಂತು. ನೀರು ಹಂಚುವುದಾದರೆ ಹಂಚುವವನು ಬೇಕಲ್ವಾ? ನೀರಗಂಟಿ ಬಂದ. ತೂಬು ಎತ್ತುವ ಹಕ್ಕು ಅವನದು, ರಾಜನೇ ಬಂದರೂ ಸರದಿ ತಪ್ಪುವ ಹಾಗಿಲ್ಲ. ನಮ್ಮ ಊರುಗಳಲ್ಲಿ ನಿಜವಾಗಿ ಇದ್ದ ಕೆಲಸ ಅದು, ನಾನೇನೂ ಹೊಸದಾಗಿ ಕಲ್ಪಿಸಿಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು ಎಲ್ಲ ಶಬ್ದಗಳೂ ರೆಡಿ ಇದ್ದವು. ಯುರೋಪಿನ ಕೋಟೆ ಮತ್ತು ಹೋಟೆಲುಗಳನ್ನು ವರ್ಣಿಸುವಾಗ ನಾನು ತಡವರಿಸುತ್ತಿದ್ದೆ. ಕೆರೆ ಏರಿ ಮೇಲೆ ರಾತ್ರಿ ನಡೆಯುವುದು ಹೇಗಿರುತ್ತದೆ ಅಂತ ಕೇಳಿ, ನಿಲ್ಲಿಸದೆ ಹೇಳುತ್ತೇನೆ.

ದುಡ್ಡೂ ಬದಲಾಯಿತು. ಇದಕ್ಕೆ ಕಾರಣ ನಮ್ಮ ಕೆಜಿಎಫ್ ಗೆಳೆಯ. ಪುಸ್ತಕದಲ್ಲಿ 50 ಚಿನ್ನದ ನಾಣ್ಯಕ್ಕೆ ಒಂದು ಪೌಂಡ್ ತೂಕ. ಅಂದರೆ ಒಂದು ನಾಣ್ಯ ಒಂಬತ್ತು ಗ್ರಾಂ, ಒಂದು ಸವರನ್‌ಗಿಂತ ಜಾಸ್ತಿ. ಗಾಯ ವಾಸಿ ಮಾಡುವ ಮಾಮೂಲಿ ಔಷಧಿಗೆ 50 ನಾಣ್ಯ. "ಒಂದು ಬಾಟಲಿ ಟಾನಿಕ್‌ಗೆ ಹತ್ತಿರ ಅರ್ಧ ಕೆಜಿ ಚಿನ್ನನಾ?" ಅಂತ ಅವನು ಎದ್ದು ನಿಂತ. ಅವನ ಮನೆಯ ಹಿರಿಯರು ಗಣಿಗೆ ಇಳಿದವರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ಟನ್ನುಗಟ್ಟಲೆ ಕಲ್ಲು ಒಡೆದರೂ ಕೈಗೆ ಬರುತ್ತಿದ್ದುದು ಗ್ರಾಂ ಲೆಕ್ಕದಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಅವನ ಮುಂದೆ ಚಿನ್ನವನ್ನು ಚಿಲ್ಲರೆ ಹಾಗೆ ಎಣಿಸುವುದು ನನಗೂ ಸರಿ ಕಾಣಲಿಲ್ಲ.

ಹಾಗಾಗಿ ನಮ್ಮ ಲೋಕದಲ್ಲಿ ದೊಡ್ಡ ಕೆಲಸಕ್ಕೆ ಕೂಲಿ ಚಿನ್ನವಲ್ಲ, ಕೆರೆ ಕೆಳಗಿನ ಗದ್ದೆ. ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಭೂಮಿ ಕೊಟ್ಟದ್ದು ಸಿಗುತ್ತದೆ. ಬಿತ್ತುವಟ್ಟ ಅನ್ನುವ ಮಾತೇ ಇದೆ. ಒಂದು ರಾಕ್ಷಸನನ್ನು ಕೊಂದರೆ ಹತ್ತು ಗುಂಟೆ. ಇದರಿಂದ ಆದ ಲಾಭ ನಾನು ಎಣಿಸಿರಲಿಲ್ಲ. ಈ ಆಟದ ವೀರರು ಸಾಮಾನ್ಯವಾಗಿ ಊರೂರು ತಿರುಗುವ ಪುಂಡರು, ಲೂಟಿ ಮಾಡಿ ಮುಂದೆ ಹೋಗುತ್ತಾರೆ. ಗದ್ದೆ ಸಿಕ್ಕ ಮೇಲೆ ನಮ್ಮವರು ಎಲ್ಲಿಗೆ ಹೋದರೂ ವಾಪಸ್ ಬರುತ್ತಾರೆ. ಬಂದ ತಕ್ಷಣ ಕೇಳುವುದು, "ಕೋಡಿ ಹೋಯ್ತಾ?"

ಎಲ್ಲ ಹೌಸ್ ರೂಲೂ ಹೀಗೆ ಫಲ ಕೊಡುವುದಿಲ್ಲ. ದಾಳದಲ್ಲಿ 1 ಬಿದ್ದರೆ ಕತ್ತಿ ಕೈಜಾರಬೇಕು ಅನ್ನುವುದು ಎಲ್ಲ ಹೊಸಬರಿಗೂ ಹೊಳೆಯುವ ನಿಯಮ. ನಾನೂ ಹಾಕಿದ್ದೆ, ನಗು ಬರುತ್ತಿತ್ತು. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಹುಡುಗನೊಬ್ಬ ಅದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದ. ಒಂದು ಏಟಿಗೆ 1 ಬೀಳುವ ಸಾಧ್ಯತೆ ನೂರಕ್ಕೆ 5. ಯೋಧ ಪಳಗಿದಂತೆ ಒಂದು ಸರದಿಗೆ ಎರಡು, ಮೂರು, 20ನೇ ಹಂತದಲ್ಲಿ ನಾಲ್ಕು ಏಟು ಹಾಕುತ್ತಾನೆ. ನಾಲ್ಕರಲ್ಲಿ ಒಂದಾದರೂ 1 ಬೀಳುವುದು ನೂರಕ್ಕೆ 18ಕ್ಕಿಂತ ಜಾಸ್ತಿ. ಅಂದರೆ ಕತ್ತಿವರಸೆಯಲ್ಲಿ ಗುರುವಾದಷ್ಟೂ ಕತ್ತಿ ಬೀಳಿಸುತ್ತಾನೆ! ಬೆಂಕಿಯುಂಡೆ ಎಸೆಯುವ ಮಾಂತ್ರಿಕ ದಾಳ ಮುಟ್ಟುವುದೇ ಇಲ್ಲ, ತಪ್ಪಿಸಿಕೊಳ್ಳಲು ಉರುಳಿಸುವವರು ಎದುರಾಳಿಗಳು. ಅವತ್ತೇ ತೆಗೆದು ಹಾಕಿದೆ. ಔಷಧಿ ಕುಡಿಯಲು ಇಡೀ ಸರದಿ ಕಳೆಯಬೇಕಾಗಿಲ್ಲ ಅನ್ನುವ ನಿಯಮ ಮಾತ್ರ ಎಷ್ಟೋ ಜನರ ಹಾಗೆ ನಾವೂ ಇಟ್ಟುಕೊಂಡಿದ್ದೆವು. 2024ರ ಪುಸ್ತಕದಲ್ಲಿ ಅದೇ ಅಧಿಕೃತವಾಯಿತು.

ಖರ್ಚಿನ ಬಗ್ಗೆಯೂ ಕೇಳುತ್ತಾರೆ. ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಪುಕ್ಕಟೆ ಸಿಗುತ್ತವೆ. ದಾಳ ಕೊಂಡರೆ ಸಾಕು.

ಆ ಹುಡುಗನ ಡ್ರಾಯಿಂಗ್ ಶೀಟ್ ಇನ್ನೂ ನಮ್ಮ ಮನೆಯಲ್ಲೇ ಇದೆ. ನನ್ನ ನಕ್ಷೆ ನೋಟ್‌ಬುಕ್ಕಿನ ಅರ್ಧ ಪುಟ: ಒಂದು ಬೆಟ್ಟ, ಒಂದು ಕೆರೆ, ಏರಿ, ತೂಬು, ಐದು ತುಂಡು ಗದ್ದೆ. ಹೋದ ಭಾನುವಾರ ಆಟದೊಳಗೆ ಮಳೆ ಬಂತು, ಕೆರೆ ತುಂಬಿ ಕೋಡಿ ಹೋಯಿತು. ಎಲ್ಲರೂ ಕುಣಿದರು. ಮಂಡಿ ಹುಡುಗ ಮಾತ್ರ ನಕ್ಷೆಯ ಅಂಚಿಗೆ ಬೆರಳಿಟ್ಟು, "ಈ ಕೋಡಿ ನೀರು ಮುಂದೆ ಯಾವ ಕೆರೆಗೆ ಹೋಗುತ್ತೆ ಅಣ್ಣಾ?" ಅಂದ. ಮುಂದಿನ ವಾರ ಹೇಳ್ತೀನಿ ಅಂದಿದ್ದೇನೆ. ಇವತ್ತು ಶುಕ್ರವಾರ, ಕೆರೆಗೆ ಇನ್ನೂ ಹೆಸರಿಟ್ಟಿಲ್ಲ.